ತ್ಲಾತಿಲ್ಕೋವಿನ ಮೃಣ್ಮಯ ಸ್ತ್ರೀಮೂರ್ತಿಗಳು

ಬರೆಹವನ್ನು ಬಿಟ್ಟುಹೋಗದ ಜನಾಂಗದ ಚರಿತ್ರೆಯನ್ನು ಅರಸುವವನಿಗೆ ಶಾಸನವಿಲ್ಲ, ಗ್ರಂಥವಿಲ್ಲ. ಆ ಜನರು ಕೈಯಾರೆ ಮಾಡಿದ ವಸ್ತುಗಳೇ ಪ್ರಮಾಣ. ಮೆಕ್ಸಿಕೋ ನಗರದ ಸಮೀಪದ ತ್ಲಾತಿಲ್ಕೋ ಎಂಬಲ್ಲಿ ದೊರೆತ ಸ್ತ್ರೀಮೂರ್ತಿಗಳು ಇಂತಹ ಪ್ರಮಾಣಗಳಾಗಿವೆ. ಕೊಲಂಬಸನು 1492ರಲ್ಲಿ ಅಮೆರಿಕಾದ ದ್ವೀಪಗಳನ್ನು ಮುಟ್ಟುವುದಕ್ಕೆ ಎರಡು ಸಾವಿರ ವರ್ಷಗಳಿಗೂ ಮುಂಚೆ, ಸುಮಾರು ಕ್ರಿ. ಪೂ. 1200ರಿಂದ 900ರವರೆಗಿನ ಕಾಲದಲ್ಲಿ, ಅಲ್ಲಿನ ಕೃಷಿಕರ ಗ್ರಾಮದಲ್ಲಿ ಇವು ನಿರ್ಮಿತವಾದುವು.

ಇವುಗಳಲ್ಲಿ ಅನೇಕವು ಅಂಗೈಯಲ್ಲಿ ಅಡಗುವಷ್ಟು ಚಿಕ್ಕವು; ಅಚ್ಚಿನ ಸಹಾಯವಿಲ್ಲದೆ ಕೈಯಿಂದಲೇ ತಿದ್ದಿದವು. ನಡು ಕೃಶ, ತೊಡೆಗಳು ಸ್ಥೂಲ, ಕೈಗಳು ಮೊಟಕು, ಪಾದಗಳು ಹೆಸರಿಗೆ ಮಾತ್ರ. ಆದರೆ ಕೇಶರಚನೆಯಲ್ಲಿ ಶಿಲ್ಪಿಯ ಶ್ರದ್ಧೆಯೆಲ್ಲವೂ ಕಾಣುವುದು. ಹಸಿಮಣ್ಣಿನ ಮೇಲೆ ಮೊನಚಾದ ಉಪಕರಣದಿಂದ ಗೀರಿ, ಜಡೆ ಬೈತಲೆಗಳನ್ನು ಬಗೆಬಗೆಯಾಗಿ ತೋರಿಸಿದ್ದಾರೆ. ಕೆಲವುಗಳಲ್ಲಿ ಬಣ್ಣದ ಕುರುಹು ಇಂದಿಗೂ ಉಳಿದಿದೆ. ಮಗುವನ್ನೆತ್ತಿಕೊಂಡ ತಾಯಿಯುಂಟು, ನಾಯಿಯನ್ನು ಅಪ್ಪಿಕೊಂಡವಳುಂಟು. ಕೆಲವಕ್ಕೆ ಎರಡು ತಲೆಗಳು. ಕೆಲವಕ್ಕೆ ಒಂದೇ ತಲೆಯಲ್ಲಿ ಎರಡು ಮುಖಗಳು. ಪುರುಷಮೂರ್ತಿಗಳಾದರೋ ವಿರಳ.

ಇವರು ಯಾರು? ಸಸ್ಯಸಮೃದ್ಧಿಯ ದೇವತೆಯರೆಂದು ಕೆಲವರೂ, ನರ್ತಕಿಯರೆಂದು ಕೆಲವರೂ ಊಹಿಸಿದ್ದಾರೆ. ಇಮ್ಮುಖದ ಮೂರ್ತಿಯು ಅಂತಹ ಶಿಶುಜನನವನ್ನು ಕಂಡು ಮಾಡಿದುದೆಂಬ ವೈದ್ಯಾಭಿಪ್ರಾಯವೂ ಉಂಟು. ಆದರೆ ಧೂಮವನ್ನು ಕಾಣದೆ ವಹ್ನಿಯನ್ನು ಅನುಮಾನಿಸುವುದು ಸಲ್ಲದು. ಮೂರ್ತಿಯು ಯಾರ ಗೋರಿಯಲ್ಲಿತ್ತು, ಯಾವ ಪಾತ್ರೆಗಳೊಡನೆ ಇತ್ತು, ಇವೇ ಇಲ್ಲಿ ಹೇತುಗಳು.

ಆ ಹೇತುವೇ ಬಹುಮಟ್ಟಿಗೆ ನಷ್ಟವಾಯಿತೆಂಬುದು ಶೋಚನೀಯ. ಇಟ್ಟಿಗೆಗಾಗಿ ಮಣ್ಣು ಅಗೆಯುತ್ತಿದ್ದ ಕೂಲಿಗಳಿಗೆ ಈ ಗೋರಿಗಳು ಮೊದಲು ಗೋಚರವಾದುವು. ಸಿಕ್ಕಿದ ಮೂರ್ತಿಗಳನ್ನು ಅವರು ಸಂಗ್ರಾಹಕರಿಗೆ ಮಾರಿದರು, ಅಸ್ಥಿಗಳು ಚೆದರಿಹೋದುವು. ಆ ಮೂರ್ತಿಗಳನ್ನು ಕೊಳ್ಳುತ್ತಿದ್ದವರಲ್ಲಿ ಚಿತ್ರಕಾರನಾದ ಮಿಗೆಲ್ ಕೊವರೂಬಿಯಾಸನೂ ಒಬ್ಬ. ಅವನೇ 1942ರಲ್ಲಿ ಕ್ರಮಬದ್ಧವಾದ ಉತ್ಖನನಕ್ಕೆ ಕಾರಣನಾದನು. ಮುಂದಿನ ವರ್ಷಗಳಲ್ಲಿ ವಿದ್ವಾಂಸರು ಸುಮಾರು 340 ಗೋರಿಗಳನ್ನು ಶೋಧಿಸಿದರು. ಅದಕ್ಕೆ ಮೊದಲೇ ನಾಶವಾದುವು ನೂರಾರು. ಇಂದು ಆ ನೆಲದ ಮೇಲೆ ನೌಕಾಲ್ಪಾನ್ ನಗರವು ಹಬ್ಬಿದೆ.

ಕೂಲಿಯವನು ಹೊಟ್ಟೆಪಾಡಿಗಾಗಿ ಮಾರಿದನು. ಕೊಳ್ಳುವವನಿಲ್ಲದಿದ್ದರೆ ಅವನು ಮಾರುತ್ತಿರಲಿಲ್ಲ. ಗಾಜಿನ ಪೆಟ್ಟಿಗೆಯಲ್ಲಿ ನಿಂತ ಮೂರ್ತಿಯ ಚೆಲುವನ್ನು ನೋಡುವವರು, ಅದರ ಮಗ್ಗುಲಲ್ಲಿ ಮಲಗಿದ್ದವರು ಯಾರೆಂಬುದನ್ನೂ ಕೇಳಬೇಕು. ಕೊಂಡುತಂದ ಮೂರ್ತಿಯು ಆ ಪ್ರಶ್ನೆಗೆ ಉತ್ತರ ಕೊಡಲಾರದು. ಕ್ರಮವಾಗಿ ಅಗೆದು ತೆಗೆದುದು ಕೊಡಬಲ್ಲುದು.