ಅಭ್ಯಾಸದ ಅವಧಿ

ಹೊಸ ನಡವಳಿಕೆಯೊಂದು ನೆನಪಿಸಿಕೊಳ್ಳುವ ಗೋಜಿಲ್ಲದೆ ತಾನಾಗಿಯೇ ನಡೆಯುವಷ್ಟು ರೂಢಿಯಾಗಲು ಹಿಡಿಯುವ ಕಾಲ. ವ್ಯಕ್ತಿತ್ವ ವಿಕಸನದ ಪುಸ್ತಕಗಳಲ್ಲೂ ತರಬೇತಿ ಶಿಬಿರಗಳಲ್ಲೂ ಇದಕ್ಕೆ 21 ದಿನ ಸಾಕು ಎಂಬ ಮಾತು ಬೇರೂರಿದೆ. ಆ ಸಂಖ್ಯೆ ಅಭ್ಯಾಸವನ್ನು ಅಳೆದ ಪ್ರಯೋಗದಿಂದ ಬಂದದ್ದಲ್ಲ.

ಶಿಸ್ತನ್ನು ದಿನದ ಲೆಕ್ಕಕ್ಕೆ ಇಳಿಸಿದವರಲ್ಲಿ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಪ್ರಸಿದ್ಧ. ಈತ 13 ಸದ್ಗುಣಗಳನ್ನು ಆರಿಸಿಕೊಂಡು, ಪುಟ್ಟ ಪುಸ್ತಕದಲ್ಲಿ ಕೆಂಪು ಶಾಯಿಯ ಗೆರೆ ಎಳೆದು, ತಪ್ಪಿದಾಗಲೆಲ್ಲ ಕಪ್ಪು ಚುಕ್ಕೆ ಇಡುತ್ತಿದ್ದ. ವಾರಕ್ಕೊಂದು ಗುಣ; 13 ವಾರಕ್ಕೆ ಒಂದು ಸುತ್ತು. ಹಳೆಯ ಚುಕ್ಕೆಗಳನ್ನು ಕೆರೆದು ಕೆರೆದು ಕಾಗದ ತೂತಾದ ಮೇಲೆ ದಂತದ ಹಾಳೆಗಳಲ್ಲಿ ಪೆನ್ಸಿಲಿನಿಂದ ಗುರುತಿಟ್ಟು ಒದ್ದೆ ಸ್ಪಂಜಿನಿಂದ ಒರೆಸತೊಡಗಿದ. ಅಚ್ಚುಕಟ್ಟುತನ ಮಾತ್ರ ತನಗೆ ಒಲಿಯಲಿಲ್ಲವೆಂದು ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾನೆ. 1859ರಲ್ಲಿ ಬಂದ ಸ್ಯಾಮ್ಯುಯೆಲ್ ಸ್ಮೈಲ್ಸ್‌ನ ‘ಸೆಲ್ಫ್ ಹೆಲ್ಪ್’ ದುಡಿಮೆ, ಛಲಗಳ ಬೋಧೆಯನ್ನು ಮನೆಮಾತಾಗಿಸಿತು. 1890ರಲ್ಲಿ ವಿಲಿಯಂ ಜೇಮ್ಸ್ ತನ್ನ ಮನೋವಿಜ್ಞಾನದ ಗ್ರಂಥದಲ್ಲಿ, ಹೊಸ ಅಭ್ಯಾಸ ಬೇರು ಬಿಡುವತನಕ ಒಮ್ಮೆಯೂ ತಪ್ಪಿಸಕೂಡದು ಎಂದು ಕಟ್ಟುನಿಟ್ಟಾಗಿ ವಿಧಿಸಿದ.

ಗೊಂದಲಕ್ಕೆ ಮೂಲ 1960ರ ‘ಸೈಕೋ ಸೈಬರ್ನೆಟಿಕ್ಸ್’. ಇದರ ಕರ್ತೃ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಪ್ಲಾಸ್ಟಿಕ್ ಸರ್ಜನ್. ಶಸ್ತ್ರಚಿಕಿತ್ಸೆಯಾದವರು ಕನ್ನಡಿಯಲ್ಲಿನ ಹೊಸ ಮುಖಕ್ಕೆ ಒಗ್ಗಿಕೊಳ್ಳಲು ಕನಿಷ್ಠ ಸುಮಾರು 21 ದಿನ ಬೇಕಾಗುತ್ತದೆ ಎಂಬುದು ಈತ ಕಂಡುಕೊಂಡದ್ದು. ಮುಂದೆ ಈ ಮಾತು ಬಾಯಿಂದ ಬಾಯಿಗೆ ದಾಟುವಾಗ ‘ಕನಿಷ್ಠ’, ‘ಸುಮಾರು’ ಎರಡೂ ಉದುರಿದವು. ಮುಖದ ಜಾಗಕ್ಕೆ ಮುಂಜಾನೆಯ ವ್ಯಾಯಾಮ, ಓದು, ಉಳಿತಾಯ ಬಂದು ಕುಳಿತವು. ನಮ್ಮಲ್ಲಿನ 48 ದಿನಗಳ ಮಂಡಲವನ್ನೂ ಇದರೊಡನೆ ಬೆರೆಸುವುದು ಸರಿಯಲ್ಲ. ಅದು ವ್ರತ ಮುಗಿಯುವ ದಿನವನ್ನು ಹೇಳುತ್ತದೆ, ರೂಢಿಯಾಗುವ ದಿನವನ್ನಲ್ಲ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರ ಅಧ್ಯಯನ (2010) ಈ ಚರಿತ್ರೆಯ ನಿಜವಾದ ತಿರುವು. 96 ಮಂದಿ ಊಟ, ಪಾನೀಯ ಅಥವಾ ವ್ಯಾಯಾಮಕ್ಕೆ ಸಂಬಂಧಿಸಿದ ಒಂದೊಂದು ಹೊಸ ಕೆಲಸವನ್ನು ದಿನದ ಗೊತ್ತಾದ ಸಂದರ್ಭಕ್ಕೆ ಜೋಡಿಸಿಕೊಂಡು 84 ದಿನ ದಾಖಲೆ ಇಟ್ಟರು. ರೂಢಿ ಗಟ್ಟಿಯಾಗಲು ಹಿಡಿದ ಅವಧಿಯ ಮಧ್ಯಾಂಕ 66 ದಿನ. ವ್ಯಾಪ್ತಿ 18ರಿಂದ 254 ದಿನ. ಅಧ್ಯಯನವೇ 84 ದಿನದ್ದಾದ್ದರಿಂದ 254 ಎಂಬುದು ಗಣಿತದ ವಕ್ರರೇಖೆಯನ್ನು ಮುಂದಕ್ಕೆಳೆದು ಪಡೆದ ಅಂದಾಜು. ಮಧ್ಯಾಂಕ ಕೂಡ ಎಲ್ಲ 96 ಮಂದಿಯದಲ್ಲ, ಆ ವಕ್ರರೇಖೆಗೆ ಚೆನ್ನಾಗಿ ಹೊಂದಿಕೊಂಡ 39 ಮಂದಿಯದು. ಆದರೂ 66 ಈಗ ಹೊಸ ಮಂತ್ರಸಂಖ್ಯೆಯಾಗುತ್ತಿದೆ. ಅದಕ್ಕಿಂತ ಬೆಲೆಯುಳ್ಳದ್ದು, ಆದರೆ ಅಷ್ಟು ಪ್ರಚಾರ ಪಡೆಯದ್ದು, ಇನ್ನೊಂದು ಫಲಿತಾಂಶ: ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸದ ಬೆಳವಣಿಗೆಗೆ ಗಣನೀಯ ಧಕ್ಕೆಯಾಗಲಿಲ್ಲ. ಜೇಮ್ಸ್‌ನ ಕಟ್ಟಪ್ಪಣೆ ಇಲ್ಲಿ ಸಡಿಲಗೊಂಡಿತು. ಒಂದು ಬೆಳಗ್ಗೆ ಏಳಲಾಗದೆ ವ್ಯಾಯಾಮವನ್ನೇ ಕೈಬಿಡುವವರಿಗೆ ಇದನ್ನು ತಿಳಿಸುವುದು ಅಗತ್ಯ.

ಕೆಲಸದ ಸ್ವರೂಪವೂ ಅವಧಿಯನ್ನು ಬದಲಿಸುತ್ತದೆ. ಜಿಮ್‌ಗೆ ಹೋಗುವವರ ಹಾಜರಿಯನ್ನೂ ಆಸ್ಪತ್ರೆ ಸಿಬ್ಬಂದಿಯ ಕೈತೊಳೆತದ ದಾಖಲೆಗಳನ್ನೂ ಯಂತ್ರಕಲಿಕೆಯಿಂದ ಪರಿಶೀಲಿಸಿದ 2023ರ ಸಂಶೋಧನೆಯೊಂದರಲ್ಲಿ, ಕೈತೊಳೆಯುವುದು ವಾರಗಳಲ್ಲಿ ರೂಢಿಯಾದರೆ ಜಿಮ್‌ನ ರೂಢಿಗೆ ತಿಂಗಳುಗಳೇ ಹಿಡಿದವು.