ಮಾಳಿಗೆಯ ಮೇಲಿನ ಮಾತು

ಪಾಠಶೋಧನೆ ಎಂದರೆ ತಾಳೆಯೋಲೆಗಳ ಮುಂದೆ ಕುಳಿತವರ ಕೆಲಸವೆಂದು ನಮ್ಮ ಸಾಮಾನ್ಯ ತಿಳಿವಳಿಕೆ. ಒಂದು ಪದ್ಯ ಕುಮಾರವ್ಯಾಸನದೋ ಪ್ರಕ್ಷಿಪ್ತವೋ, ಒಂದು ವಚನ ಬಸವಣ್ಣನವರದೋ ಅವರ ಅಂಕಿತವಿಟ್ಟು ಅನಂತರದವರು ಬರೆದದ್ದೋ ಎಂಬ ಚರ್ಚೆಯಲ್ಲಿ ನಾವು ಎಡವಿದರೆ ಯಾರ ಪ್ರಾಣಕ್ಕೂ ಸಂಚಕಾರವಿಲ್ಲ. ಇದೇ ಜಾತಿಯ ಪ್ರಶ್ನೆಯೊಂದರ ಮೇಲೆ ಹತ್ತೊಂಬತ್ತು ವರ್ಷದ ತರುಣನೊಬ್ಬನ ಕೊರಳು ನಿಂತಿದ್ದ ಪ್ರಸಂಗವನ್ನು ಇಂದು ಹೇಳಬೇಕೆಂದಿದ್ದೇನೆ.

೧೯೫೨ರ ನವೆಂಬರ್ ೨, ಭಾನುವಾರದ ರಾತ್ರಿ. ಲಂಡನ್ನಿನ ದಕ್ಷಿಣಕ್ಕಿರುವ ಕ್ರಾಯ್ಡನ್ನಿನಲ್ಲಿ ಒಂದು ಮಿಠಾಯಿ ಉಗ್ರಾಣದ ಮಾಳಿಗೆಯನ್ನು ಇಬ್ಬರು ಹುಡುಗರು ಕಳ್ಳತನಕ್ಕೆಂದು ಹತ್ತಿದರು. ಕ್ರಿಸ್ಟೊಫರ್ ಕ್ರೇಗ್‌ಗೆ ೧೬ ವರ್ಷ. ಅವನ ಕೈಯಲ್ಲಿ ರಿವಾಲ್ವರ್ ಇತ್ತು. ಡೆರೆಕ್ ಬೆಂಟ್ಲಿಗೆ ೧೯. ಅವನು ಓದುಬರಹ ಬಾರದವನು, ಬುದ್ಧಿ ಬೆಳೆಯದವನು. ಎದುರುಮನೆಯವರು ಕಂಡು ಪೊಲೀಸರಿಗೆ ತಿಳಿಸಿದರು. ಮೊದಲು ಮಾಳಿಗೆ ಏರಿದ ಫೇರ್‌ಫ್ಯಾಕ್ಸ್ ಎಂಬ ಪತ್ತೇದಾರ ಬೆಂಟ್ಲಿಯನ್ನು ಹಿಡಿದ. ಕ್ರೇಗ್ ಹೊಡೆದ ಗುಂಡು ಫೇರ್‌ಫ್ಯಾಕ್ಸ್‌ನ ಭುಜಕ್ಕೆ ತಗುಲಿತು. ಗಾಯಗೊಂಡರೂ ಆತ ಬೆಂಟ್ಲಿಯನ್ನು ಬಿಡಲಿಲ್ಲ. ಸುಮಾರು ಕಾಲು ಗಂಟೆಯ ಬಳಿಕ ಮೆಟ್ಟಿಲಿನ ಬಾಗಿಲನ್ನು ತಳ್ಳಿಕೊಂಡು ಮಾಳಿಗೆಗೆ ಬಂದ ಕಾನ್‌ಸ್ಟೇಬಲ್ ಸಿಡ್ನಿ ಮೈಲ್ಸ್ ತಲೆಗೆ ಗುಂಡು ತಗುಲಿ ಅಲ್ಲಿಯೇ ಮಡಿದ. ಆತನಿಗೆ ೪೨ ವರ್ಷ. ಈ ಪ್ರಕರಣವನ್ನು ಕುರಿತು ಬರೆದವರಲ್ಲಿ ಹಲವರು ಈ ಕಾನ್‌ಸ್ಟೇಬಲನನ್ನೇ ಮರೆತುಬಿಡುತ್ತಾರೆ, ಅದು ನ್ಯಾಯವಲ್ಲ.

ಗುಂಡು ಹಾರಿಸಿದವನಿಗೆ ಹದಿನೆಂಟು ತುಂಬಿರಲಿಲ್ಲವಾಗಿ ಅವನನ್ನು ಗಲ್ಲಿಗೇರಿಸುವಂತಿರಲಿಲ್ಲ. ಪೊಲೀಸರ ವಶದಲ್ಲಿ ನಿಂತಿದ್ದವನನ್ನು ಗಲ್ಲಿಗೇರಿಸಬಹುದಾಗಿತ್ತು. ಆದರೆ ಕೊಲೆಯಲ್ಲಿ ಅವನು ಪಾಲುದಾರನೆಂದು ತೋರಿಸಬೇಕಿತ್ತು. ಅದಕ್ಕೆ ಒದಗಿದ ಮುಖ್ಯ ಸಾಕ್ಷ್ಯ ಐದು ಶಬ್ದಗಳ ಒಂದು ವಾಕ್ಯ: 'ಲೆಟ್ ಹಿಮ್ ಹ್ಯಾವ್ ಇಟ್, ಕ್ರಿಸ್.' ಮೊದಲ ಗುಂಡು ಹಾರುವ ಮುನ್ನ ಬೆಂಟ್ಲಿ ಹೀಗೆ ಕೂಗಿದನೆಂದು ಮೂವರು ಪೊಲೀಸರು ಪ್ರಮಾಣಮಾಡಿ ನುಡಿದರು.

'ಅವನಿಗೆ ಕೊಡು' ಎಂದು ಇದನ್ನು ಕನ್ನಡಿಸಿದರೆ ಸೊಗಸಾಗಿ ಹೊಂದುತ್ತದೆ. 'ಬೆನ್ನಿಗೆ ಎರಡು ಕೊಟ್ಟ' ಎನ್ನುವಲ್ಲಿಯೂ 'ಕೈಗೆ ಎರಡು ಹಣ್ಣು ಕೊಟ್ಟ' ಎನ್ನುವಲ್ಲಿಯೂ ಕ್ರಿಯಾಪದ ಒಂದೇ ಅಲ್ಲವೆ? ಇಂಗ್ಲಿಷಿನಲ್ಲಿಯೂ ಹಾಗೆಯೇ: ಗುಂಡು ಹೊಡೆ ಎಂದೂ ಆಯಿತು, ಪಿಸ್ತೂಲನ್ನು ಅವರಿಗೆ ಒಪ್ಪಿಸಿಬಿಡು ಎಂದೂ ಆಯಿತು. ಈ ಶ್ಲೇಷೆಯ ಸುತ್ತ ಎಷ್ಟೋ ಲೇಖನಗಳು ಬಂದಿವೆ. ನನಗೆ ಈ ವಾದ ರುಚಿಸುವುದಿಲ್ಲ. ಏಕೆಂದರೆ ತಾನು ಒಳ್ಳೆಯ ಅರ್ಥದಲ್ಲಿ ಹಾಗೆಂದೆನೆಂದು ಬೆಂಟ್ಲಿ ಹೇಳಲೇ ಇಲ್ಲ; ಆ ಮಾತನ್ನು ಆಡಿಯೇ ಇಲ್ಲವೆಂದ. ಕ್ರೇಗ್‌ನೂ ಹಾಗೆಯೇ ಹೇಳಿದ. ಕರ್ತೃತ್ವವೇ ಸಂದಿಗ್ಧವಾಗಿರುವ ವಾಕ್ಯಕ್ಕೆ ಟೀಕೆ ಬರೆಯುವುದು ತಳಪಾಯವಿಲ್ಲದ ಮನೆಗೆ ಸುಣ್ಣ ಬಳಿದಂತೆ. ೧೯೪೦ರಲ್ಲಿ ಇಂಗ್ಲೆಂಡಿನ ಉತ್ತರಭಾಗದಲ್ಲಿ ನಡೆದ ಇನ್ನೊಬ್ಬ ಕಾನ್‌ಸ್ಟೇಬಲನ ಕೊಲೆಯ ವಿಚಾರಣೆಯಲ್ಲಿಯೂ ಇಂಥದೇ ನುಡಿ ಬಂದಿತ್ತು. ಅಲ್ಲಿಂದ ಇಲ್ಲಿಗೆ ಎರವಲು ಬಂದಿರಬಹುದೆಂದು ಶಂಕಿಸಿದವರುಂಟು. ಶಂಕೆ ಕೇವಲ ಶಂಕೆ.

ನನ್ನ ಆಸಕ್ತಿ ಇನ್ನೊಂದು ದಾಖಲೆಯಲ್ಲಿ. ಬಂಧನವಾದ ಬಳಿಕ ಬೆಂಟ್ಲಿ ಕೊಟ್ಟನೆನ್ನಲಾದ ಹೇಳಿಕೆಯೊಂದಿದೆ. ಅವನು ತಾನಾಗಿ ಹೇಳುತ್ತ ಹೋದ, ತಾವು ಬರೆದುಕೊಂಡೆವು, ಪ್ರಶ್ನೆಗಳನ್ನು ಕೇಳಲಿಲ್ಲ ಎಂದು ಪೊಲೀಸರು ಕೋರ್ಟಿನಲ್ಲಿ ನುಡಿದರು. ೧೯೯೦ರ ದಶಕದಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಭಾಷಾವಿಜ್ಞಾನಿ ಮ್ಯಾಲ್ಕಮ್ ಕೋಲ್ಟ್‌ಹಾರ್ಡ್ ಅದನ್ನು ಪಾಠಶೋಧಕನ ಕಣ್ಣಿನಿಂದ ನೋಡಿದರು. ೫೮೨ ಪದಗಳ ಆ ಹೇಳಿಕೆಯಲ್ಲಿ 'ದೆನ್', ಅಂದರೆ 'ಆಮೇಲೆ' ಎಂಬ ಪದ ೧೦ ಸಲ ಬಂದಿದೆ. ಸಾಮಾನ್ಯ ಸಾಕ್ಷಿಗಳ ಹೇಳಿಕೆಗಳಲ್ಲಿ ಅದು ಕಂಡದ್ದು ೯೩೦ ಪದಗಳಿಗೊಮ್ಮೆ. ಪೊಲೀಸರ ಹೇಳಿಕೆಗಳಲ್ಲಿಯಾದರೋ ೭೮ ಪದಗಳಿಗೊಮ್ಮೆ. ಅದಕ್ಕಿಂತಲೂ ಸೂಕ್ಷ್ಮವಾದದ್ದು ಪದಗಳ ಸ್ಥಾನ. ಜನಸಾಮಾನ್ಯರು ಬಾಯಿಮಾತಿನಲ್ಲಿ 'ದೆನ್ ಐ' ಎನ್ನುತ್ತಾರೆ. 'ಐ ದೆನ್' ಎಂದು ಕರ್ತೃಪದವನ್ನು ಮುಂದಿಟ್ಟು ಬರೆಯುವುದು ಠಾಣೆಯ ಶೈಲಿ. ಓದುಬರಹ ಬಾರದ ಹುಡುಗನ ಬಾಯಲ್ಲಿ ಬಂದದ್ದು ಠಾಣೆಯ ಶೈಲಿ!

ನಮಗೆ ಇದು ಹೊಸತೇನೂ ಅಲ್ಲ. ನಮ್ಮ ಹಳ್ಳಿಯ ರೈತ 'ನಾನು ಸದರಿ ಸ್ಥಳಕ್ಕೆ ಹೋಗಿರುತ್ತೇನೆ' ಎಂದು ಜನ್ಮದಲ್ಲಿ ಎಂದಾದರೂ ಮಾತಾಡಿದ್ದಾನೆಯೆ? ಕಾಗದದಲ್ಲಿ ಮಾತ್ರ ಹಾಗೆ ಮಾತಾಡುತ್ತಾನೆ.

ಕೋಲ್ಟ್‌ಹಾರ್ಡರು ಇನ್ನೊಂದನ್ನೂ ಗಮನಿಸಿದರು. ಕಥೆ ಹೇಳುವವನು ನಡೆದದ್ದನ್ನು ಹೇಳುತ್ತಾನೆ. ನಡೆಯದ್ದನ್ನು ಸಾಲಾಗಿ ಹೇಳುವುದಿಲ್ಲ. ಈ ಹೇಳಿಕೆಯಲ್ಲಿ ಇದು ಗೊತ್ತಿರಲಿಲ್ಲ, ಅದು ಇರಲಿಲ್ಲ ಎಂಬ ನಿಷೇಧವಾಕ್ಯಗಳು ಕಾರಣವಿಲ್ಲದೆ ತಲೆಹಾಕುತ್ತವೆ. 'ನಿನಗೆ ಗೊತ್ತಿತ್ತೆ?' ಎಂದು ಯಾರೋ ಕೇಳಿದ್ದರೆ ಮಾತ್ರ ಅವಕ್ಕೆ ಅರ್ಥ. ಪ್ರಶ್ನೆಗಳನ್ನು ಅಳಿಸಿ ಉತ್ತರಗಳನ್ನು ಉಳಿಸಿದರೆ ಹೊಣೆಯ ಸ್ವರೂಪವೇ ಬದಲಾಗುತ್ತದೆ.

ವಿಚಾರಣೆ ೧೯೫೨ರ ಡಿಸೆಂಬರ್ ೯ರಿಂದ ಮೂರು ದಿನ ನಡೆಯಿತು. ಮುಖ್ಯ ನ್ಯಾಯಾಧೀಶ ಲಾರ್ಡ್ ಗಾಡರ್ಡ್ ಬೆಂಟ್ಲಿಯ ಜೇಬಿನಲ್ಲಿ ಸಿಕ್ಕ, ಅವನು ಬಳಸದೆ ಇದ್ದ ಉಕ್ಕಿನ ಮುಷ್ಟಿಯನ್ನು ತಮ್ಮ ಕೈಗೆ ತೊಟ್ಟು ಜ್ಯೂರಿಗೆ ತೋರಿಸಿದರು. ಇಷ್ಟು ಧೀರರಾದ ಪೊಲೀಸರು ಸುಳ್ಳು ಹೇಳುವರೆ ಎಂಬ ಅರ್ಥದಲ್ಲಿ ಕೇಳಿದರು. ಧೈರ್ಯ ಬೇರೆ, ಸತ್ಯ ಬೇರೆ ಎಂಬುದು ಅಂಥ ವಿದ್ವಾಂಸರಿಗೆ ಹೊಳೆಯದೆ ಹೋಯಿತೆ? ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸಕೂಡದೆಂದು ೧೮೭೨ರಲ್ಲಿಯೇ ಇಂಡಿಯಾದ ಸಾಕ್ಷ್ಯ ಅಧಿನಿಯಮದಲ್ಲಿ ಬರೆದವರು ಇದೇ ಇಂಗ್ಲಿಷರು. ಅಂಥ ಅಪನಂಬಿಕೆ ನಮ್ಮ ಪೊಲೀಸರಿಗೆ ಮಾತ್ರ ಮೀಸಲಾಗಿತ್ತೆಂದು ಕಾಣುತ್ತದೆ.

ಜ್ಯೂರಿ ಅಪರಾಧಿಯೆಂದಿತು, ದಯೆ ತೋರಬೇಕೆಂದೂ ಶಿಫಾರಸು ಮಾಡಿತು. ಗೃಹಮಂತ್ರಿ ಮ್ಯಾಕ್ಸ್‌ವೆಲ್ ಫೈಫ್ ಒಪ್ಪಲಿಲ್ಲ. ೧೯೫೩ರ ಜನವರಿ ೨೮ರಂದು ಬೆಂಟ್ಲಿಯನ್ನು ಗಲ್ಲಿಗೇರಿಸಿದರು. ಕ್ರೇಗ್ ಸುಮಾರು ಹತ್ತು ವರ್ಷ ಸೆರೆಯಲ್ಲಿದ್ದು ೧೯೬೩ರಲ್ಲಿ ಹೊರಬಂದ.

ಬೆಂಟ್ಲಿಯ ಅಕ್ಕ ಐರಿಸ್ ನಾಲ್ಕು ದಶಕಗಳಿಗೂ ಮಿಕ್ಕಿ ಹೋರಾಡಿದರು. ೧೯೯೩ರಲ್ಲಿ ಶಿಕ್ಷೆಯ ಮಟ್ಟಿಗೆ ಮಾತ್ರ ಕ್ಷಮಾದಾನ ಬಂತು. ೧೯೯೮ರ ಜುಲೈ ೩೦ರಂದು ಮೇಲ್ಮನವಿ ನ್ಯಾಯಾಲಯ ಅಪರಾಧ ನಿರ್ಣಯವನ್ನೇ ರದ್ದುಮಾಡಿತು. ಗಾಡರ್ಡರು ಜ್ಯೂರಿಗೆ ಕೊಟ್ಟ ನಿರ್ದೇಶನ ನ್ಯಾಯಯುತವಾಗಿರಲಿಲ್ಲವೆಂಬುದು ಅದಕ್ಕೆ ಮುಖ್ಯ ಕಾರಣ. ಐರಿಸ್ ೧೯೯೭ರಲ್ಲಿಯೇ ತೀರಿಕೊಂಡಿದ್ದರು. ಮಾಳಿಗೆಯ ಮೇಲೆ ಆ ರಾತ್ರಿ ಐದು ಶಬ್ದಗಳನ್ನು ಯಾರಾದರೂ ಆಡಿದರೆ, ಇಲ್ಲವೆ ಎಂಬ ಪ್ರಶ್ನೆ ಮಾತ್ರ ಆ ತೀರ್ಪಿನಿಂದ ಬಗೆಹರಿಯಲಿಲ್ಲ.