ಆಕ್ರಿಮ್ ಕದನದ ಮೌಖಿಕ ಪರಂಪರೆ

ಐರ್ಲೆಂಡಿನ ಗಾಲ್ವೇ ಕೌಂಟಿಯ ಆಕ್ರಿಮ್ ಹಳ್ಳಿಯ ಬಳಿ 1691ರ ಜುಲೈ 12ರಂದು (ಇಂದಿನ ಪಂಚಾಂಗದಂತೆ 22) ನಡೆದ ಕದನದ ಬಗ್ಗೆ ಆ ಸೀಮೆಯ ಜನರ ಬಾಯಲ್ಲಿ ಉಳಿದುಬಂದ ಕಥೆಗಳು ಮತ್ತು ಸ್ಥಳನಾಮಗಳು. ಪಟ್ಟ ಕಳೆದುಕೊಂಡ ಎರಡನೆಯ ಜೇಮ್ಸ್ ದೊರೆಯ ಪಡೆಯನ್ನು ಫ್ರೆಂಚ್ ಸೇನಾನಿ ಸೇಂಟ್ ರೂತ್, ಮೂರನೆಯ ವಿಲಿಯಂನ ಪಡೆಯನ್ನು ಡಚ್ ಸೇನಾನಿ ಗಿಂಕೆಲ್ ನಡೆಸಿದರು. ಎರಡೂ ಕಡೆ ತಲಾ ಸುಮಾರು 20,000 ಸೈನಿಕರಿದ್ದರು. ಸಂಜೆಯವರೆಗೆ ಜೇಮ್ಸ್ ಪಡೆಯ ಕೈಯೇ ಮೇಲಾಗಿತ್ತು. ಆಗ ಫಿರಂಗಿ ಗುಂಡೊಂದು ಸೇಂಟ್ ರೂತ್‌ನ ತಲೆಯನ್ನು ಹಾರಿಸಿತು, ಪಡೆ ಚೆದುರಿತು. ಸತ್ತವರು ಸುಮಾರು 7,000, ಹೆಚ್ಚಿನವರು ಸೋತ ಕಡೆಯವರು.

ಗೆಲ್ಲುತ್ತಿದ್ದವರು ಸೋತದ್ದೇಕೆ? ಜನಪದರ ಹಲವು ಕಥೆಗಳು ಈ ಪ್ರಶ್ನೆಯ ಸುತ್ತಲೇ ಹೆಣೆದುಕೊಂಡಿವೆ. ಅವುಗಳಲ್ಲಿ ಸೊಗಸಾದದ್ದು ಕುರುಬನ ಕಥೆ. ಸೇಂಟ್ ರೂತ್‌ನ ಸೈನಿಕರು ಅವನ ಕುರಿಗಳನ್ನು ಹಿಡಿದು ಕೊಯ್ದರು. ತೊಗಲನ್ನಾದರೂ ಕೊಡಿ ಎಂದು ಅಂಗಲಾಚಿದರೂ ಸೇನಾನಿ ಒಪ್ಪಲಿಲ್ಲ. ಮುನಿದ ಕುರುಬ ಎದುರಾಳಿಯ ಫಿರಂಗಿಯವನ ಬಳಿ ಹೋಗಿ, ಸೇಂಟ್ ರೂತ್ ಯಾರೆಂದು ಬೊಟ್ಟು ಮಾಡಿ ತೋರಿಸಿದನಂತೆ. ಇದು ನಡೆದದ್ದಕ್ಕೆ ಪುರಾವೆಯಿಲ್ಲ. ಆದರೆ ಎರಡು ಸೇನೆಗಳ ನಡುವೆ ಸಿಕ್ಕ ಬಡವನ ಸಂಕಟವನ್ನು ಯಾವ ಸೇನಾ ವರದಿಯೂ ಇಷ್ಟು ಚೆನ್ನಾಗಿ ಹೇಳುವುದಿಲ್ಲ.

ಇನ್ನೊಂದು ಆರೋಪ ಜೇಮ್ಸ್ ಪಡೆಯ ಅಧಿಕಾರಿ ಹೆನ್ರಿ ಲಟ್ರೆಲ್‌ನ ಮೇಲಿನದು. ಆಕ್ರಿಮ್ ಕೋಟೆಯ ಬಳಿಯ ಇಕ್ಕಟ್ಟು ದಾರಿಯನ್ನು ಕಾಯಬೇಕಿದ್ದ ಕುದುರೆ ಪಡೆಯನ್ನು ಅವನು ಹಿಂದಕ್ಕೆ ಕರೆದೊಯ್ದನೆಂದು ಜನ ಇಂದಿಗೂ ಆ ಜಾಗವನ್ನು ‘ಲಟ್ರೆಲ್‌ನ ಕಣಿವೆದಾರಿ’ ಎನ್ನುತ್ತಾರೆ. ಯುದ್ಧದ ನಂತರ ಅವನಿಗೆ ಅಣ್ಣನ ಆಸ್ತಿ ಸಿಕ್ಕಿತು. 1717ರಲ್ಲಿ ಡಬ್ಲಿನ್ನಿನಲ್ಲಿ ಮೇನೆಯಲ್ಲಿ ಕುಳಿತಿದ್ದಾಗ ಗುಂಡೇಟಿಗೆ ಸತ್ತ. ಈ ಎರಡೂ ಸಂಗತಿಗಳು ದ್ರೋಹದ ಕಥೆಯನ್ನು ಗಟ್ಟಿಮಾಡಿದವು. ಆದರೂ ಕದನದ ದಿನವೇ ಅವನು ಮಾರಿಕೊಂಡಿದ್ದನೆಂಬುದು ಸಾಬೀತಾಗಿಲ್ಲ.

ಬಾಯಿಮಾತೆಲ್ಲ ಕಟ್ಟುಕಥೆಯಲ್ಲ. ಕೋಟೆಯಲ್ಲಿದ್ದ ಜೇಮ್ಸ್ ಪಡೆಯವರಿಗೆ ಬಂದ ಗುಂಡುಗಳು ಅವರ ಫ್ರೆಂಚ್ ಬಂದೂಕಿನ ನಳಿಗೆಗೆ ಹಿಡಿಯಲಿಲ್ಲ, ಅವರು ಅಂಗಿಯ ಗುಂಡಿಗಳನ್ನೇ ತುಂಬಿ ಹೊಡೆದರು ಎಂಬ ಮಾತು ಲಿಖಿತ ವರದಿಗಳಲ್ಲೂ ಇದೆ. ಹೂಳದೆ ಬಿಟ್ಟ ಯಜಮಾನನ ಎಲುಬುಗಳನ್ನು ತಿಂಗಳುಗಟ್ಟಲೆ ಕಾದ ಬೇಟೆನಾಯಿಯ ಕಥೆಯನ್ನು ವಿಲಿಯಂ ಸೇನೆಯ ಪಾದ್ರಿ ಜಾರ್ಜ್ ಸ್ಟೋರಿಯೇ 1693ರ ತನ್ನ ಇತಿಹಾಸದಲ್ಲಿ ಬರೆದಿದ್ದಾನೆ. ಸೇಂಟ್ ರೂತ್‌ನ ಸಮಾಧಿಯ ವಿಷಯದಲ್ಲಿ ಮಾತ್ರ ಒಮ್ಮತವಿಲ್ಲ: ಲಾಕ್ರೇ ಎನ್ನುವವರಿದ್ದಾರೆ, ಅಥೆನ್ರೈ ಎನ್ನುವವರೂ ಇದ್ದಾರೆ.

1930ರ ದಶಕದ ಕೊನೆಯಲ್ಲಿ ಐರಿಶ್ ಜಾನಪದ ಆಯೋಗವು ದೇಶದ ಶಾಲಾಮಕ್ಕಳಿಂದ ಊರಿನ ಹಿರಿಯರ ಇಂಥ ಕಥೆಗಳನ್ನು ಬರೆಸಿತು. ಆ ಸಂಗ್ರಹ ಈಗ ಡಬ್ಲಿನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿದೆ, ಅಂತರಜಾಲದಲ್ಲೂ ಓದಬಹುದು.